ಟಾಕಿ ತುಂಬಿದ ಕೂಡಲೇ ಮೋಟರ್ ಬಂದ್ ಆಗಬೇಕು: ಎರಡು ತಿಂಗಳ ಕೆಲಸದ ಲೆಕ್ಕ

ಏಪ್ರಿಲ್ ಮೊದಲ ವಾರ ಒಂದು ಸಂಜೆ ಕೆಲಸದಿಂದ ಮನೆಗೆ ಬಂದಾಗ ಅವ್ವ ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹನ್ನೊಂದನೇ ಮೆಟ್ಟಿಲು. ಮೇಲೆ ಇನ್ನೂ ಎಂಟು ಬಾಕಿ. ಮೊಣಕಾಲು ಹಿಡಿದುಕೊಂಡು ಹತ್ತಲೂ ಆಗದೆ ಇಳಿಯಲೂ ಆಗದೆ ಕೂತುಬಿಟ್ಟಿದ್ದಳು. ಕೆಳಗೆ ಮೋಟರ್ ನಡೆಯುತ್ತಿತ್ತು. ಮೇಲೆ ಟಾಕಿ ತುಂಬಿ ಪೈಪಿನಿಂದ ನೀರು ಓಣಿಗೆ ಸುರಿಯುತ್ತಿತ್ತು. ಎದುರು ಮನೆಯ ಕಾಕಾ "ಯಕ್ಕಾ, ಟಾಕಿ ತುಂಬೇತ್ರಿ" ಅಂತ ಕೂಗುತ್ತಲೇ ಇದ್ದರು. ನಾನು ಮೊದಲು ಮೋಟರ್ ಬಂದ್ ಮಾಡಿದೆ. ಆಮೇಲೆ ಅವ್ವನ ಕೈ ಹಿಡಿದು ಇಳಿಸಿದೆ.

ನಮ್ಮದು ವಿಜಯಪುರದ ಹಳೇ ಓಣಿಯ ಮನೆ. ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ, ಆಮೇಲೆ ಅದೇ ನೀರನ್ನು ನಾಲ್ಕೈದು ದಿನ ಮೇಲಕ್ಕೆ ಏರಿಸುತ್ತಾ ಇರುತ್ತೇವೆ. ಎಲ್ಲೋ ದೂರದ ಕೃಷ್ಣೆಯಿಂದ ಬಂದ ನೀರು ನಮ್ಮ ಕಣ್ಣೆದುರೇ ಗಟಾರಕ್ಕೆ ಹೋದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕಿಂತ ಜಾಸ್ತಿ ಸಂಕಟ ಆ ಹನ್ನೊಂದನೇ ಮೆಟ್ಟಿಲಿನದು. ಟಾಕಿ ತುಂಬಿದರೆ ಮೋಟರ್ ತಾನೇ ನಿಲ್ಲಬೇಕು, ಅವ್ವ ನೀರು ನೋಡಲು ಒಂದು ಮೆಟ್ಟಿಲೂ ಹತ್ತಬಾರದು. ಇಷ್ಟೇ ಕೆಲಸ. ಒಂದೇ ಭಾನುವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಜೂನ್ ಬಂತು.

ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವವರಿದ್ದರೆ ನಾನು ಮಾಡಿದ ತಪ್ಪು ಅವರು ಮಾಡಬಾರದು. ಅದಕ್ಕೆ ನಡೆದದ್ದನ್ನೆಲ್ಲ ತಾರೀಖಿನ ಪ್ರಕಾರ ಬರೆದಿಡುತ್ತಿದ್ದೇನೆ.

ಏಪ್ರಿಲ್ 6, ಭಾನುವಾರ: ಅಳತೆ

ಟಾಕಿ 1000 ಲೀಟರಿನ ಕಪ್ಪು ಸಿಂಟೆಕ್ಸ್. ಒಳಗಿನ ಅಗಲ 105 ಸೆಂಟಿಮೀಟರ್. ಸಂಪು 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳ. ಅಂದರೆ ಸುಮಾರು 4200 ಲೀಟರ್. ಮೋಟರ್ ಅರ್ಧ ಎಚ್‌ಪಿ, ಸಂಪಿನ ಪಕ್ಕದ ಕಟ್ಟೆಯ ಮೇಲೆ ಕೂತಿದೆ. ಖಾಲಿ ಟಾಕಿ ತುಂಬಲು 42 ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ ಸುಮಾರು 24 ಲೀಟರ್. ಈ ಲೆಕ್ಕ ಮುಂದೆ ತುಂಬಾ ಉಪಯೋಗಕ್ಕೆ ಬಂತು. ನೀವೂ ಮೊದಲು ಇದನ್ನೇ ಮಾಡಿ.

ಮೋಟರಿನಿಂದ ಟಾಕಿಯ ಮುಚ್ಚಳದವರೆಗೆ ವೈರು ಹೋಗುವ ದಾರಿ 22 ಮೀಟರ್.

ಏಪ್ರಿಲ್ 13: ಮೊದಲ ಪ್ರಯತ್ನ, ನೀರಲ್ಲಿ ವೈರು

ನೀರಿನಲ್ಲಿ ಮೂರು ವೈರಿನ ತುದಿ ಇಳಿಬಿಡುವುದು. ಒಂದು ತಳಕ್ಕೆ, ಒಂದು ನಡುವೆ, ಒಂದು ಮೇಲೆ. ನೀರು ಮೇಲಿನ ತುದಿಗೆ ತಾಗಿದ ಕೂಡಲೇ ಸಣ್ಣ ಕರೆಂಟು ಹರಿದು ಟ್ರಾನ್ಸಿಸ್ಟರ್ ಕೆಲಸ ಮಾಡಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಕಡಿಯುವ ಸ್ವಿಚ್) ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಕಾಲೇಜಿನ ದಿನಗಳಲ್ಲಿ ಇಂಥ ಸರ್ಕ್ಯೂಟು ಮಾಡಿದ್ದೆ, ಹಾಗಾಗಿ ಧೈರ್ಯ ಇತ್ತು. ಬಿಸಿ547 ಟ್ರಾನ್ಸಿಸ್ಟರ್, 12 ವೋಲ್ಟಿನ ನೀಲಿ ಬಣ್ಣದ ಸಣ್ಣ ರಿಲೇ, ಬೋರ್ಡು, ಕನೆಕ್ಟರ್ ಎಲ್ಲಾ ಶಾಸ್ತ್ರಿ ಮಾರ್ಕೆಟ್ ಹತ್ತಿರ ಸಿಕ್ಕವು. 310 ರೂಪಾಯಿ. ವೈರು ಮಾತ್ರ ಮನೆಯಲ್ಲೇ ಉಳಿದಿದ್ದ ಇಂಟರ್ನೆಟ್ ಕೇಬಲ್ಲು. ಅದರ ತುದಿ ಸುಲಿದು ತಾಮ್ರವನ್ನು ನೇರವಾಗಿ ನೀರಿಗೆ ಇಳಿಬಿಟ್ಟೆ.

ಸಂಜೆ ಐದೂವರೆಗೆ ಮೋಟರ್ ಹಾಕಿದೆವು. ಆರು ಗಂಟೆ ಚಿಲ್ಲರೆಗೆ ಟಕ್ ಅಂತ ತಾನೇ ನಿಂತಿತು. ಅವ್ವ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಒಂದು ಹನಿ ಬೀಳಲಿಲ್ಲ. ಅವತ್ತು ರಾತ್ರಿ ನಾನು ಬಹಳ ಖುಷಿಯಲ್ಲಿದ್ದೆ.

ಒಂಬತ್ತನೇ ದಿನ ಮೋಟರ್ ನಿಲ್ಲುವುದು ತಡವಾಗತೊಡಗಿತು. ವೈರು ಮೇಲಕ್ಕೆತ್ತಿ ನೋಡಿದರೆ ಒಂದು ತುದಿ ಹಸಿರುಗಟ್ಟಿ ಸೂಜಿಯಷ್ಟು ತೆಳ್ಳಗಾಗಿತ್ತು. ಇನ್ನೊಂದು ತುದಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿ ಪುಡಿ ಉದುರುತ್ತಿತ್ತು. ನೀರಿನೊಳಗೆ ಒಂದೇ ದಿಕ್ಕಿನ ಕರೆಂಟು ಸದಾ ಹರಿಯುತ್ತಿದ್ದರೆ ಪಾಸಿಟಿವ್ ಕಡೆಯ ತಾಮ್ರ ಕರಗುತ್ತದೆ, ನೆಗೆಟಿವ್ ಕಡೆ ಗಡುಸು ನೀರಿನ ಸುಣ್ಣ ಕೂರುತ್ತದೆ. ಸಂಪಿಗೆ ನಾವು ನಡುನಡುವೆ ಬೋರಿನ ನೀರನ್ನೂ ಬಿಡುತ್ತೇವೆ, ಅದರಲ್ಲಿ ಸುಣ್ಣ ಜಾಸ್ತಿ. ಕರಗಿದ ತಾಮ್ರ ಎಲ್ಲಿ ಹೋಯಿತು? ನಾವು ಬಳಸುವ ನೀರಿಗೇ. ಅದು ಹೊಳೆದ ಕೂಡಲೇ ಟಾಕಿ ಪೂರ್ತಿ ಖಾಲಿ ಮಾಡಿ ತೊಳೆದೆ. ಸದ್ಯಕ್ಕೆ ಅಂತ ತಾಮ್ರ ತೆಗೆದು ಮೂರು ಸ್ಟೀಲ್ ಚಮಚದ ಹಿಡಿಕೆ ಕಟ್ಟಿದೆ.

ಏಪ್ರಿಲ್ 27: ಕುರಡಗಿ ನೆನೆದ ದಿನ

ಇದನ್ನು ಬರೆಯುವಾಗ ಈಗಲೂ ಮನಸ್ಸಿಗೆ ಕಷ್ಟ ಆಗುತ್ತದೆ.

ನಮ್ಮ ಕಡೆ ಏಪ್ರಿಲ್ ಬಿಸಿಲು ಅಂದರೆ ಮಾಳಿಗೆ ತುಂಬಾ ಹಪ್ಪಳ, ಸಂಡಿಗೆ, ಶಾವಿಗೆ. ಅವ್ವ ಗೋಧಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು, ತಿರುವಿ ತಿರುವಿ ಬೇಯಿಸಿ, ಪಕ್ಕದ ಮನೆಯ ಅಕ್ಕನ ಜೊತೆ ಕೂತು ಕುರಡಗಿ, ಅಂದರೆ ಗೋಧಿ ಹಾಲಿನ ಸಂಡಿಗೆ, ಒತ್ತಿದ್ದಳು. ಎರಡು ಹಳೇ ಸೀರೆ ಹಾಸಿ ಅದರ ಮೇಲೆ ಸಾಲಾಗಿ ಬಿಟ್ಟಿದ್ದರು. ನಾನೇ ಎಲ್ಲವನ್ನೂ ಮೇಲೆ ಹೊತ್ತು ಕೊಟ್ಟಿದ್ದೆ. ಟಾಕಿಯ ಬುಡದಿಂದ ನಾಲ್ಕು ಅಡಿ ದೂರದಲ್ಲಿ.

ಮಧ್ಯಾಹ್ನ ಎರಡಕ್ಕೆ ಮೋಟರ್ ಹಾಕಿ ಊಟಕ್ಕೆ ಕೂತೆವು. ಹೇಗೂ ತಾನೇ ನಿಲ್ಲುತ್ತೆ ಅಂತ ಯಾರೂ ಗಮನ ಕೊಡಲಿಲ್ಲ. ಊಟ ಆದ ಮೇಲೆ ನಾನು ಅಡ್ಡಾದೆ. ಎದುರು ಮನೆ ಕಾಕಾ ಊರಲ್ಲಿ ಇರಲಿಲ್ಲ. ಎಚ್ಚರವಾದಾಗ ಮೂರೂ ಮುಕ್ಕಾಲು, ಮೋಟರ್ ಇನ್ನೂ ನಡೆಯುತ್ತಿತ್ತು. ಮೇಲೆ ಓಡಿದೆ. ಹೊರಬೀಳುವ ಪೈಪು ಸಾಲದೆ ಮುಚ್ಚಳದ ಅಂಚಿನಿಂದಲೂ ನೀರು ಇಳಿದು ಮಾಳಿಗೆಯೆಲ್ಲ ಹರಿದಿತ್ತು. ಒಂದು ಸೀರೆ ಪೂರ್ತಿ ತೊಯ್ದಿತ್ತು. ಅರ್ಧ ಒಣಗಿದ್ದ ಕುರಡಗಿ ಮತ್ತೆ ಹಿಟ್ಟಾಗಿ ಬಟ್ಟೆಗೆ ಅಂಟಿಕೊಂಡಿತ್ತು.

ಅವ್ವ ಬಯ್ಯಲಿಲ್ಲ. "ಹೋಗ್ಲಿ ಬಿಡೋ ತಮ್ಮಾ, ಇನ್ನೊಂದ ಸೀರೀದು ಉಳದೈತಿ" ಅಂದಳು. ಕೆಳಗೆ ಕೂತೇ ಅಂದದ್ದು. ಬಯ್ದಿದ್ದರೆ ಒಳ್ಳೆಯದಿತ್ತು ಅನಿಸಿತು.

ಕಾರಣ ಹುಡುಕಿದೆ. ಸರ್ಕ್ಯೂಟು ಸರಿಯಾಗೇ ಇತ್ತು. ರಿಲೇಗೆ ಹೋಗುವ 12 ವೋಲ್ಟು ಕಡಿದಿತ್ತು. ಆದರೂ ಮೋಟರ್ ನಿಂತಿರಲಿಲ್ಲ. ರಿಲೇ ಬಿಚ್ಚಿ ಅದರ ನೀಲಿ ಡಬ್ಬಿಯನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಎರಡು ಬಿಂದುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಿದಾಗ ಚಟ್ ಅಂತ ಬಿಟ್ಟುಕೊಂಡವು.

ರಿಲೇ ಮೇಲೆ 10 ಆಂಪ್ ಅಂತ ಬರೆದಿತ್ತು. ಮೋಟರ್ ನಡೆಯುವಾಗ ಎಳೆಯುವುದು 3 ಆಂಪ್ ಆಸುಪಾಸು. ಅದನ್ನೇ ನೋಡಿ ಸಾಕು ಅಂದುಕೊಂಡಿದ್ದೆ. ಆದರೆ ಮೋಟರ್ ಶುರುವಾಗುವ ಆ ಒಂದು ಕ್ಷಣ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹದಿನೈದು, ಹದಿನೆಂಟು ಆಂಪ್. ಪ್ರತಿ ಸಲ ಸಣ್ಣ ಕಿಡಿ, ಪ್ರತಿ ಸಲ ಸ್ವಲ್ಪ ಕರಗುವುದು. ಹದಿನಾಲ್ಕು ದಿನಕ್ಕೆ ಅಂಟಿಕೊಂಡಿತು. ಬಲ್ಬಿಗೆ ಹಾಕುವ ರಿಲೇಯನ್ನು ಮೋಟರಿಗೆ ಹಾಕಬಾರದು. ಇದು ನನಗೆ ಗೊತ್ತಿರಬೇಕಾಗಿತ್ತು.

ಮುಂದಿನ ವಾರ ರಜೆ ಹಾಕಿ ಅವ್ವನ ಜೊತೆ ಕೂತು ಕುರಡಗಿ ನಾನೇ ಒತ್ತಿದೆ. ಒತ್ತು ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು.

ಮೇ 4: ಅಲ್ಟ್ರಾಸಾನಿಕ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಿಗೆ ಏನೂ ತಾಗದೇ ಇರಲಿ ಅಂತ ಮುಚ್ಚಳದ ಕೆಳಗೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದೆ, ಜೊತೆಗೆ ವೈಫೈ ಬೋರ್ಡು. 720 ರೂಪಾಯಿ. ಮೊಬೈಲಿನಲ್ಲಿ ಟಾಕಿಯ ನೀರಿನ ಮಟ್ಟ ಕಾಣುವುದು ನೋಡಲು ಚೆಂದ. ಆದರೆ ಈ ಸೆನ್ಸರಿಗೆ 20 ಸೆಂಟಿಮೀಟರಿಗಿಂತ ಹತ್ತಿರ ಇರುವುದು ಕಾಣುವುದಿಲ್ಲ. ಟಾಕಿ ತುಂಬುತ್ತಾ ಬಂದಾಗಲೇ, ಅಂದರೆ ನಮಗೆ ಬೇಕಾದ ಹೊತ್ತಿಗೇ, ಅದು ಇಲ್ಲದ ಲೆಕ್ಕ ಕೊಡುತ್ತದೆ. ಮೇಲಿಂದ ಬೀಳುವ ನೀರಿನ ಧಾರೆಗೂ ಮೋಸ ಹೋಗುತ್ತದೆ. ಮೇ ತಿಂಗಳ ಬಿಸಿಲಿಗೆ ಟಾಕಿಯೊಳಗೆ ಆವಿ ಕಟ್ಟಿ ಸೆನ್ಸರ್ ಮುಖದ ಮೇಲೆ ಹನಿ ನಿಲ್ಲುತ್ತದೆ. ಇನ್ನು ಅವ್ವ ಮೊಬೈಲ್ ತೆಗೆದು ನೋಡುವುದಿಲ್ಲ. ನಾಲ್ಕು ದಿನಕ್ಕೆ ಬಿಚ್ಚಿಟ್ಟೆ.

ಮೇ 11: ಫ್ಲೋಟ್ ಸ್ವಿಚ್, ಮತ್ತು ಎಲ್ಲಕ್ಕಿಂತ ದೊಡ್ಡ ತಪ್ಪು

ಗಾಂಧಿ ಚೌಕ್ ಹತ್ತಿರದ ಪಂಪ್ ಸಾಮಾನಿನ ಅಂಗಡಿಯಲ್ಲಿ ಫ್ಲೋಟ್ ಸ್ವಿಚ್ ಕೇಳಿದೆ. ತೆಂಗಿನಕಾಯಿ ಹೋಳಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಬಾಲದ ಹಾಗೆ ಕೇಬಲ್ಲು. ಒಳಗೆ ಒಂದು ಗುಂಡು ಉರುಳಾಡುತ್ತದೆ. ಡಬ್ಬಿ ತಲೆ ಮೇಲಾದರೆ ಒಂದು ಕಡೆ ಸ್ವಿಚ್ ಒತ್ತುತ್ತದೆ, ಕೆಳಗಾದರೆ ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಕೇಳುತ್ತೆ. ತುಕ್ಕು ಹಿಡಿಯಲು ಏನೂ ಇಲ್ಲ, ಸುಣ್ಣ ಕಟ್ಟಿದರೂ ನಡೆಯುತ್ತದೆ. 420 ರೂಪಾಯಿ. ಎರಡು ತಂದೆ. ಒಂದು ಟಾಕಿಗೆ, ಇನ್ನೊಂದು ಸಂಪಿಗೆ. ಸಂಪಿನಲ್ಲಿ ನೀರು ಇಲ್ಲದಾಗ ಮೋಟರ್ ನಡೆಯಬಾರದಲ್ವಾ.

ಕೇಬಲ್ಲಿನಲ್ಲಿ ಮೂರು ವೈರು ಇರುತ್ತವೆ. ತುಂಬಿಸಲು ಒಂದು ಜೋಡಿ, ಖಾಲಿ ಮಾಡಲು ಇನ್ನೊಂದು ಜೋಡಿ. ಬಣ್ಣ ನಂಬಬೇಡಿ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಡಬ್ಬಿಯನ್ನು ಕೈಯಲ್ಲಿ ಎತ್ತಿ ಇಳಿಸಿ ನೋಡಿ. ಟಾಕಿಯ ಸ್ವಿಚ್ ಡಬ್ಬಿ ಇಳಿದಾಗ ಬೀಪ್ ಅನ್ನಬೇಕು, ಸಂಪಿನದು ಡಬ್ಬಿ ಏರಿದಾಗ.

ಈಗ ತಪ್ಪು. ಫ್ಲೋಟ್ ಸ್ವಿಚ್ ಮೇಲೆ 230 ವೋಲ್ಟ್, 10 ಆಂಪ್ ಅಂತಲೇ ಬರೆದಿದೆ. ಹಾಗಾಗಿ ಮೋಟರಿಗೆ 230 ವೋಲ್ಟ್ ತರುವ ಫೇಸ್ ವೈರನ್ನೇ ಮಾಳಿಗೆಗೆ ಒಯ್ದು, ಟಾಕಿಯ ಮುಚ್ಚಳದ ಪಕ್ಕ ಜಾಯಿಂಟ್ ಮಾಡಿ, ಟೇಪು ಸುತ್ತಿ ಬಿಟ್ಟೆ. ಕೆಲಸ ಮಾಡಿತು. ಮೂರು ದಿನ ಚೆನ್ನಾಗಿ ನಡೆಯಿತು.

ನಾಲ್ಕನೇ ದಿನ ಮೇಲಿನ ಓಣಿಯ ಎಲೆಕ್ಟ್ರಿಷಿಯನ್ ಕಾಕಾ ಪಕ್ಕದ ಮನೆಗೆ ಫ್ಯಾನ್ ಹಾಕಲು ಬಂದಿದ್ದರು. ನನ್ನ ಕೆಲಸ ತೋರಿಸೋಣ ಅಂತ ಮೇಲೆ ಕರೆದೆ. ಅವರು ಟೇಪು ಸುತ್ತಿದ ಜಾಯಿಂಟನ್ನು ನೋಡಿದರು, ಟಾಕಿಯೊಳಗೆ ಇಳಿದ ಕೇಬಲ್ಲು ನೋಡಿದರು.

"ಇದರಾಗ ಎಷ್ಟ ವೋಲ್ಟ್ ಐತಿ?"

"230 ಕಾಕಾ. ಸ್ವಿಚ್ ಅದಕ್ಕ ಮಾಡಿದ್ದ ಐತಿ."

"ನಿಮ್ಮವ್ವ ಜಳಕಾ ಮಾಡೋ ನೀರ ಹೌದಲ್ಲೋ ಇದು?"

ಅಷ್ಟೇ ಅಂದರು. ಕೆಳಗಿಳಿದು ತಾವೇ ಎಂಸಿಬಿ (ಬೋರ್ಡಿನಲ್ಲಿ ಕರೆಂಟು ಕಡಿಯುವ ಸ್ವಿಚ್) ಇಳಿಸಿದರು. ನನಗೆ ಕೈಕಾಲು ತಣ್ಣಗಾದವು. ನಮ್ಮ ಊರಿನ ಬಿಸಿಲಿಗೆ ಮಾಳಿಗೆಯ ಮೇಲಿನ ವೈರಿನ ಪ್ಲಾಸ್ಟಿಕ್ ಎರಡು ಬೇಸಿಗೆಗೆ ಬಿರುಕು ಬಿಡುತ್ತದೆ. ಅಳಿಲು ಕಚ್ಚುತ್ತದೆ, ಇಲಿ ಕಚ್ಚುತ್ತದೆ. ಕೇಬಲ್ಲಿಗೆ ಒಂದು ಸೀಳು ಬಿದ್ದರೆ ನೀರಿಗೆ ಕರೆಂಟು. ಬಚ್ಚಲಲ್ಲಿ ನಲ್ಲಿ ತಿರುಗಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅವ್ವನ ಮೊಣಕಾಲು ಉಳಿಸಲು ಹೋಗಿ ನಾನು ಇದನ್ನು ಮಾಡಿಟ್ಟಿದ್ದೆ. ಓದುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ಟಾಕಿಗೆ ಇಳಿಯುವ ವೈರಿನಲ್ಲಿ 12 ವೋಲ್ಟಿಗಿಂತ ಜಾಸ್ತಿ ಇರಕೂಡದು.

ಮೇ 18: ಮತ್ತೆ ಮೊದಲಿನಿಂದ, ಎಲೆಕ್ಟ್ರಿಷಿಯನ್ ಕಾಕಾ ಜೊತೆ

ಅವರು ಅರ್ಧ ದಿನ ಕೊಟ್ಟರು. 600 ರೂಪಾಯಿ ಕೂಲಿ. ಬೇಡ ಅಂದರೂ ಕೈಗೆ ಹಾಕಿದೆ. ಇಬ್ಬರೂ ಕೂತು ಮಾಡಿದ್ದು ಇಷ್ಟು.

ಒಂದು ಸಣ್ಣ 12 ವೋಲ್ಟಿನ ಅಡಾಪ್ಟರ್. ಅದರ ಕರೆಂಟು ಟಾಕಿಯ ಫ್ಲೋಟ್ ದಾಟಿ, ಸಂಪಿನ ಫ್ಲೋಟ್ ದಾಟಿ ಒಂದು ಸಣ್ಣ ರಿಲೇಗೆ ಬರುತ್ತದೆ. ಎರಡೂ ಫ್ಲೋಟು ಒಂದರ ಹಿಂದೆ ಒಂದು. ಮೇಲೆ ಜಾಗ ಇರಬೇಕು, ಕೆಳಗೆ ನೀರು ಇರಬೇಕು, ಎರಡೂ ಆದರೆ ಮಾತ್ರ ರಿಲೇ ಹಿಡಿಯುತ್ತದೆ. ಈ ರಿಲೇ ಮೋಟರನ್ನು ಮುಟ್ಟುವುದಿಲ್ಲ. ಅದು ಕಾಂಟ್ಯಾಕ್ಟರ್ ಅನ್ನುವ ದೊಡ್ಡ, ಗಟ್ಟಿ ರಿಲೇಯ ಕಾಯಿಲ್‌ಗೆ ಮಾತ್ರ ಕರೆಂಟು ಕೊಡುತ್ತದೆ. ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರು. ಅದು ಹಿಡಿಯುವಾಗ ಧಡ್ ಅನ್ನುವ ಸದ್ದು ಕೇಳಿದರೇ ಸಮಾಧಾನ ಆಗುತ್ತದೆ. ನೀಲಿ ರಿಲೇಯ ಟಿಕ್ ಎಲ್ಲಿ, ಇದೆಲ್ಲಿ.

ಇದೆಲ್ಲ ಕೂತಿರುವ ಬಾಕ್ಸಿನ ಮೇಲೆ ಒಂದು ತಿರುಗಿಸುವ ಸ್ವಿಚ್. ಎಡಕ್ಕೆ ಆಟೋ, ನಡುವೆ ಬಂದ್, ಬಲಕ್ಕೆ ನೇರ. ನೇರ ಇಟ್ಟರೆ ಮೊದಲಿನ ಹಾಗೆ ಮೋಟರ್ ನಡೆಯುತ್ತದೆ. ಯಾವತ್ತಾದರೂ ನನ್ನ ವೈರಿಂಗ್ ಕೈಕೊಟ್ಟರೆ ಅವ್ವ ನೀರಿಲ್ಲದೆ ಕೂರಬಾರದು.

ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿಸಿದೆ. 1,650 ರೂಪಾಯಿ. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋದದ್ದು ಇದಕ್ಕೇ, ಮತ್ತು ಅದಕ್ಕೆ ನನಗೆ ಒಂದು ರೂಪಾಯಿಯ ಬೇಸರವೂ ಇಲ್ಲ. ಹಾಕಿದ ಕೂಡಲೇ ಬಿತ್ತು. ಏರಿಸಿದರೆ ಮತ್ತೆ ಬಿತ್ತು. ಒಂದೊಂದೇ ಕೋಣೆ ತೆಗೆದು ನೋಡುತ್ತಾ ಹೋದೆವು. ದೇವರ ಮನೆಯ ಒಂದು ಹಳೇ ಸಾಕೆಟ್ಟಿನಲ್ಲಿ ಯಾರೋ ಯಾವಾಗಲೋ ನ್ಯೂಟ್ರಲ್ ಮತ್ತು ಅರ್ಥಿಂಗ್ ಎರಡನ್ನೂ ಒಟ್ಟಿಗೆ ಸೇರಿಸಿದ್ದರು. ಬಿಡಿಸಿದ ಮೇಲೆ ನಿಂತಿತು.

ಫ್ಲೋಟಿನ ಬಾಲದ ಉದ್ದ

ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಒಂದು ಸಂಜೆ ತಿಂದಿತು. ಫ್ಲೋಟಿನ ಕೇಬಲ್ಲಿಗೆ ಒಂದು ತೂಕದ ಗುಂಡು ಕಟ್ಟುತ್ತಾರೆ. ಗುಂಡಿನಿಂದ ಡಬ್ಬಿಯವರೆಗೆ ಎಷ್ಟು ಉದ್ದ ಬಿಡುತ್ತೀರೋ ಅದರ ಮೇಲೆ ಮೋಟರ್ ಯಾವಾಗ ಶುರು, ಯಾವಾಗ ಬಂದ್ ಅನ್ನುವುದು ನಿಂತಿದೆ. ಮೊದಲು 8 ಸೆಂಟಿಮೀಟರ್ ಬಿಟ್ಟಿದ್ದೆ. ಯಾರಾದರೂ ಎರಡು ಬಕೆಟ್ ನೀರು ಹಿಡಿದರೂ ಮೋಟರ್ ಶುರುವಾಗುತ್ತಿತ್ತು, ಐದು ನಿಮಿಷಕ್ಕೆ ನಿಲ್ಲುತ್ತಿತ್ತು. ಮೇಲೆ ನೀರು ಬಿದ್ದು ಅಲೆ ಎದ್ದಾಗ ಕಾಂಟ್ಯಾಕ್ಟರ್ ಪಟಪಟ ಅಂತ ಬಡಿದುಕೊಳ್ಳುತ್ತಿತ್ತು.

ಅಂಗಳದಲ್ಲಿ ನೀಲಿ ಡ್ರಮ್ಮಿಗೆ ನೀರು ತುಂಬಿ, ಸ್ಟೀಲ್ ಪಟ್ಟಿ ಹಿಡಿದು ಅಳೆದೆ. ಬಾಲ 8 ಇದ್ದರೆ ಶುರುವಿಗೂ ಬಂದಿಗೂ ನಡುವೆ 10 ಸೆಂಟಿಮೀಟರ್ ನೀರು. 15 ಇದ್ದರೆ 21. 25 ಇದ್ದರೆ 36. ನಮ್ಮ ಟಾಕಿಯಲ್ಲಿ 36 ಸೆಂಟಿಮೀಟರ್ ಅಂದರೆ ಸುಮಾರು 310 ಲೀಟರ್, ಮೋಟರಿಗೆ 13 ನಿಮಿಷ. 25ಕ್ಕೆ ಗಟ್ಟಿ ಮಾಡಿದೆ. ನೀರು ಬೀಳುವ ಪೈಪಿನ ಎದುರು ಬದಿಗೆ ಇಳಿಬಿಟ್ಟೆ. ಇಲ್ಲದಿದ್ದರೆ ಡಬ್ಬಿ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಈಗ ನೀರು ಹೊರಗಿನ ಪೈಪಿಗೆ ಮುಟ್ಟಲು 10 ಸೆಂಟಿಮೀಟರ್ ಇರುವಾಗಲೇ ಮೋಟರ್ ನಿಲ್ಲುತ್ತದೆ.

ಮೇ 25: ಅವ್ವನ ಕಿವಿ

ವಾರ ಪೂರ್ತಿ ಎಲ್ಲಾ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ಮೋಟರ್ ಶುರುವಾಯಿತು. ಎರಡು ನಿಮಿಷ ಆಗಿರಬಹುದು. ರೊಟ್ಟಿಯ ತಟತಟ ಸದ್ದು ನಿಂತಿತು.

"ತಮ್ಮಾ, ಮೋಟರ್ ದನಿ ಹಗೂರ ಆಗೈತಿ ನೋಡು. ನೀರ ಎತ್ತವಲ್ದು."

ನನಗೆ ಏನೂ ವ್ಯತ್ಯಾಸ ಕೇಳಲಿಲ್ಲ. ಹೋಗಿ ಮೋಟರ್ ಮುಟ್ಟಿದರೆ ಪಂಪಿನ ಕಡೆ ಬಿಸಿ ಏರುತ್ತಿತ್ತು. ಪೈಪಿಗೆ ಕಿವಿ ಇಟ್ಟರೆ ನೀರಿನ ಸದ್ದಿಲ್ಲ. ಸಂಪಿನಲ್ಲಿ ಮೂರಡಿ ನೀರಿತ್ತು, ಹಾಗಾಗಿ ಸಂಪಿನ ಫ್ಲೋಟು ಬೇಡ ಅನ್ನಲಿಲ್ಲ. ಟಾಕಿ ತುಂಬಿರಲಿಲ್ಲ, ಮೇಲಿನ ಫ್ಲೋಟೂ ಬೇಡ ಅನ್ನಲಿಲ್ಲ. ಅವ್ವ ಹೇಳದಿದ್ದರೆ ಅದು ಸುಮ್ನೆ ಗಂಟೆಗಟ್ಟಲೆ ನಡೆದು ಸೀಲ್ ಸುಟ್ಟುಕೊಳ್ಳುತ್ತಿತ್ತು.

ಫೂಟ್ ವಾಲ್ವ್, ಅಂದರೆ ಸಂಪಿನೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವು, ಸೋರುತ್ತಿತ್ತು. ರಾತ್ರಿ ಪೂರಾ ಪೈಪಿನ ನೀರು ಮೆಲ್ಲಗೆ ಸಂಪಿಗೆ ಇಳಿದುಹೋಗಿ ಮೋಟರಿನಲ್ಲಿ ಗಾಳಿ ತುಂಬಿತ್ತು. ಅವ್ವನನ್ನು ಕೇಳಿದರೆ ಇದು ಆರು ತಿಂಗಳಿಂದ ಹೀಗೇ ಅಂದಳು. ದನಿ ಹಗುರಾದಾಗ ಅವಳೇ ಬಂದ್ ಮಾಡಿ, ಮೋಟರಿನ ಬಾಯಿಗೆ ಒಂದು ತಂಬಿಗೆ ನೀರು ಹುಯ್ದು ಮತ್ತೆ ಹಾಕುತ್ತಿದ್ದಳಂತೆ. ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಏಪ್ರಿಲ್ 6ರಂದು ಟಾಕಿ ಅಳೆದೆ, ಸಂಪು ಅಳೆದೆ, ವೈರು ಅಳೆದೆ. ದಿನಾ ಮೋಟರ್ ಹಾಕುವವಳನ್ನು ಹೇಗೆ ನಡೆಯುತ್ತಿದೆ ಅಂತ ಒಂದು ಮಾತು ಕೇಳಲಿಲ್ಲ.

ಸಂಪು ಖಾಲಿ ಮಾಡಿ ಇಳಿದೆ. ವಾಲ್ವು ನೆಲದಿಂದ ಬರೀ ಒಂದು ಇಂಚು ಮೇಲಿತ್ತು. ತಳದಲ್ಲಿ ಎರಡು ಬೆರಳು ಕೆಸರು. ವಾಲ್ವಿನ ರಬ್ಬರ್ ಬಿಲ್ಲೆಯ ಕೆಳಗೆ ಸಾಸಿವೆಯಷ್ಟು ದೊಡ್ಡ ಮರಳಿನ ಕಾಳುಗಳು ಸಿಕ್ಕಿಕೊಂಡಿದ್ದವು. ಹಳೇ ಪ್ಲಾಸ್ಟಿಕ್ ವಾಲ್ವು ತೆಗೆದು ಒಂದು ಇಂಚಿನ ಹಿತ್ತಾಳೆಯದು ಹಾಕಿದೆ, 480 ರೂಪಾಯಿ. ಪೈಪು ಕತ್ತರಿಸಿ ನೆಲದಿಂದ 6 ಇಂಚು ಮೇಲಕ್ಕೆ ಎತ್ತಿದೆ. ಕೆಳಗಿನ 6 ಇಂಚು ನೀರು ಸಿಗುವುದಿಲ್ಲ, ಸುಮಾರು 420 ಲೀಟರ್. ಅದು ಕೆಸರು ಕೂರಲು ಬಿಟ್ಟ ಜಾಗ.

ಈ ಆರು ಇಂಚಿನ ಯೋಚನೆ ನನಗೆ ಬಂದದ್ದು ಊರಿನ ಹಳೇ ಗಂಜ್‌ಗಳಿಂದ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಅನ್ನುವ ಕೆರೆ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದಿದ್ದರು. ದಾರಿಯಲ್ಲಿ ಅಲ್ಲಲ್ಲಿ ಕಲ್ಲು ಗಾರೆಯ ಚೌಕ ಗೋಪುರ ಕಟ್ಟಿದ್ದರು. ಅವೇ ಗಂಜ್‌ಗಳು. ನೀರು ಅದರೊಳಗೆ ಬಂದು ಒತ್ತಡ ತಗ್ಗಿಸಿಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ಕೆಲವು ಈಗಲೂ ಮನೆಗಳ ನಡುವೆ ನಿಂತಿವೆ. ಚಿಕ್ಕವನಿದ್ದಾಗ ಅವುಗಳ ನೆರಳಲ್ಲಿ ಗೋಲಿ ಆಡಿದ್ದೇನೆ, ಯಾಕೆ ಕಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ. ಸಂಪಿನೊಳಗೆ ಕೆಸರಲ್ಲಿ ಕಾಲಿಟ್ಟು ನಿಂತಾಗ ಅವೇ ನೆನಪಾದವು.

ಜೂನ್ 1: ಟೈಮರ್ ಮತ್ತು ದೀಪ

13 ನಿಮಿಷದಲ್ಲಿ ಮುಗಿಯಬೇಕಾದ ಕೆಲಸ 25 ನಿಮಿಷ ಆದರೂ ಮುಗಿಯದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ. ಆಗ ಮೋಟರ್ ನಿಲ್ಲಬೇಕು. ಅದಕ್ಕೆ 780 ರೂಪಾಯಿಯ ಟೈಮರ್ ತಂದೆ.

ಮೊದಲ ಸಲ ತಪ್ಪಾಗಿ ಜೋಡಿಸಿದೆ. ಟೈಮರಿಗೆ ಕರೆಂಟು ಕೊಡುವ ವೈರನ್ನು ಟೈಮರ್ ಕಡಿಯುವ ಜಾಗದಿಂದ ಆಚೆಗೆ ಹಾಕಿದ್ದೆ. ಹೊತ್ತು ಮುಗಿದ ಕೂಡಲೇ ಟೈಮರ್ ತನ್ನ ಕರೆಂಟನ್ನೇ ಕಡಿದುಕೊಂಡಿತು. ಕಡಿದ ಕೂಡಲೇ ಎಲ್ಲಾ ಮರೆತು ಮೊದಲಿನಿಂದ ಎಣಿಸತೊಡಗಿತು. ಮೋಟರ್ ಮತ್ತೆ ಶುರು. ಟೈಮರಿನ ಕರೆಂಟನ್ನು ಈಚೆಗೆ, ಅಂದರೆ ಕಡಿಯುವ ಜಾಗಕ್ಕಿಂತ ಮುಂಚೆ, ಹಾಕಿದ ಮೇಲೆ ಸರಿಹೋಯಿತು. ಈಗ ಒಮ್ಮೆ ನಿಂತರೆ ನಿಂತೇ ಇರುತ್ತದೆ. ತಿರುಗಿಸುವ ಸ್ವಿಚ್ಚನ್ನು ಬಂದ್‌ಗೆ ತಂದು ಮತ್ತೆ ಆಟೋಗೆ ಇಟ್ಟರೆ ಮಾತ್ರ ಬಿಡುತ್ತದೆ. ಇದನ್ನು ಪರೀಕ್ಷೆ ಮಾಡುವಾಗ 25 ನಿಮಿಷ ಕಾಯಬೇಡಿ, ಒಂದು ನಿಮಿಷಕ್ಕೆ ಇಟ್ಟು ನೋಡಿ.

ಅಡಿಗೆಮನೆಯಲ್ಲಿ ಒಲೆಯ ಎದುರಿನ ಗೋಡೆಗೆ ಒಂದು ಸಣ್ಣ ಹಸಿರು ದೀಪ, ಒಂದು ಕೆಂಪು ದೀಪ. ಮೋಟರ್ ನಡೆಯುತ್ತಿದ್ದರೆ ಹಸಿರು. ಟೈಮರ್ ನಿಲ್ಲಿಸಿದ್ದರೆ ಕೆಂಪು, ಜೊತೆಗೆ ಸಣ್ಣ ಬಜರ್. ಎರಡೂ 12 ವೋಲ್ಟಿನವು. ಮೊದಲು ಕಿಟಕಿ ಪಕ್ಕ ಹಾಕಿದ್ದೆ, ಮಧ್ಯಾಹ್ನದ ಬಿಸಿಲಲ್ಲಿ ಹತ್ತಿದ್ದೇ ಕಾಣುತ್ತಿರಲಿಲ್ಲ. ಅವ್ವ ರೊಟ್ಟಿಗೆ ಕೂತಾಗ ಎಲ್ಲಿ ಕಣ್ಣು ಹೋಗುತ್ತೆ ಅಂತ ಅವಳನ್ನೇ ಕೂರಿಸಿ ಕೇಳಿ, ಅವಳು ಬೆರಳು ತೋರಿಸಿದ ಜಾಗಕ್ಕೆ ಸರಿಸಿದೆ.

ಖರ್ಚು

ಫ್ಲೋಟ್ ಸ್ವಿಚ್ ಎರಡು 840, ಕಾಂಟ್ಯಾಕ್ಟರ್ 850, ಅಡಾಪ್ಟರ್ 180, ರಿಲೇ ಮತ್ತು ಅದರ ಸಾಕೆಟ್ 160, ತಿರುಗಿಸುವ ಸ್ವಿಚ್ 190, ಬಾಕ್ಸ್ 350, ಆರ್‌ಸಿಸಿಬಿ 1,650, ಟೈಮರ್ 780, ದೀಪ ಮತ್ತು ಬಜರ್ 120, 25 ಮೀಟರ್ ವೈರು 550, ಪೈಪು ಕ್ಲಾಂಪು 260, ಫೂಟ್ ವಾಲ್ವ್ 480, ಕೂಲಿ 600. ಒಟ್ಟು 7,010 ರೂಪಾಯಿ. ಕೆಲಸಕ್ಕೆ ಬಾರದೆ ಹೋದ ಎರಡು ಪ್ರಯತ್ನಕ್ಕೆ 1,030. ಎಲ್ಲಾ ಸೇರಿ 8,040. ಅಂಗಡಿಯಲ್ಲಿ ರೆಡಿ ಕಂಟ್ರೋಲರ್ ಇದಕ್ಕಿಂತ ಕಡಿಮೆಗೆ ಸಿಗುತ್ತದೆ, ನಿಜ. ಅದನ್ನು ತಂದರೂ ಆರ್‌ಸಿಸಿಬಿ ಮತ್ತು ಫೂಟ್ ವಾಲ್ವಿನ ಖರ್ಚು ಬಿಡಬೇಡಿ.

ಜೂನ್ 15: ಈಗ ಹೇಗಿದೆ

ಎರಡು ವಾರ ಆಯಿತು. ಓಣಿಗೆ ಒಂದು ಹನಿ ಹೋಗಿಲ್ಲ. ಅವ್ವ ಮಾಳಿಗೆಗೆ ಹತ್ತಿದ್ದು ಒಂದೇ ಸಲ, ಮಳೆ ಮೋಡ ಕಂಡು ಒಣಗಿದ ಕುರಡಗಿ ಡಬ್ಬಿಗೆ ತುಂಬಲು. ಅದೂ ನನ್ನ ಕೈ ಹಿಡಿದು, ಮೆಲ್ಲಗೆ.

ಮೊನ್ನೆ ಗುರುವಾರ ಇನ್ನೊಂದು ಆಯಿತು. ನಾನು ಕೆಲಸದಲ್ಲಿದ್ದೆ. ಮೋಟರ್ ಶುರುವಾಗಿ ಮೂರು ನಾಲ್ಕು ನಿಮಿಷಕ್ಕೆ ದನಿ ಹಗುರಾಯಿತಂತೆ. ಅವ್ವ ಕೆಂಪು ದೀಪಕ್ಕೆ ಕಾಯಲಿಲ್ಲ. ಅಂಗಳಕ್ಕೆ ಹೋಗಿ ಸ್ವಿಚ್ಚನ್ನು ಬಂದ್‌ಗೆ ತಿರುಗಿಸಿ ನನಗೆ ಫೋನ್ ಮಾಡಿದಳು. ಸಂಜೆ ಬಂದು ನೋಡಿದರೆ, ವಾಲ್ವಿನ ಬಾಯಿಗೆ ಪೈಪಿನ ಜಾಯಿಂಟಿಗೆ ಸುತ್ತಿದ್ದ ದಾರದ ಎಳೆ ಸಿಕ್ಕಿಕೊಂಡಿತ್ತು. ನಾನೇ ಸುತ್ತಿದ್ದು. ತೆಗೆದೆ.

ಟೈಮರನ್ನು 25ರಿಂದ 18 ನಿಮಿಷಕ್ಕೆ ಇಳಿಸಿದ್ದೇನೆ. ಒಣ ಮೋಟರಿಗೆ 25 ಜಾಸ್ತಿಯೇ ಆಯಿತು. ಇನ್ನು ಆ ತಿರುಗಿಸುವ ಸ್ವಿಚ್ಚನ್ನು ಅಂಗಳದ ಬಾಕ್ಸಿನಿಂದ ಅಡಿಗೆಮನೆ ಬಾಗಿಲ ಪಕ್ಕಕ್ಕೆ ತರಬೇಕು, ಅವ್ವ ಕೂತಲ್ಲಿಂದಲೇ ಕೈಗೆ ಸಿಗುವಷ್ಟು ಎತ್ತರಕ್ಕೆ. ನೆಲದಿಂದ 28 ಇಂಚು ಅಂತ ಅಳೆದು ಪೆನ್ಸಿಲ್ ಗುರುತು ಹಾಕಿದ್ದೇನೆ. ಆರು ಮೀಟರ್ ವೈರು ಬೇಕು. ಮುಂದಿನ ಭಾನುವಾರ ಆ ಕೆಲಸ.